ಕೈಗೆಟುಕದ ಕಡತಗಳು

ಹಂಪೆಯ ಬಂಡೆಗಳ ಮೇಲೂ ದೇವಾಲಯಗಳ ಗೋಡೆಗಳ ಮೇಲೂ ಅನೇಕ ಶಾಸನಗಳಿವೆ. 1565ರ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ಆದರೆ ಶಾಸನಗಳು ಉಳಿದವು. ಕಾಲಕ್ರಮದಲ್ಲಿ ಅವನ್ನು ಓದಬಲ್ಲವರು ವಿರಳರಾದರು. ಲಿಪಿತಜ್ಞರು ಓದಿದಾಗ ಮರೆತ ಚರಿತ್ರೆ ಮರಳಿ ದೊರೆಯಿತು. ಇರುವುದು ಬೇರೆ, ಕೈಗೆಟುಕುವುದು ಬೇರೆ. ಗಣಕಯಂತ್ರದ ಕಡತಗಳಿಗೂ ಈ ಮಾತು ಸಲ್ಲುತ್ತದೆ.

ಕಂಪ್ಲಿಯ ರೈತನ ಭತ್ತದ ಲೆಕ್ಕವಾಗಲಿ, ಸಂಡೂರಿನ ಮನೆಯೊಂದರ ಮದುವೆಯ ಚಿತ್ರಗಳಾಗಲಿ, ಹೊಸಪೇಟೆಯ ವಿದ್ಯಾರ್ಥಿಯ ಪ್ರಬಂಧವಾಗಲಿ, ಗಣಕದಲ್ಲಿ ಕಡತಗಳಾಗಿ ಉಳಿಯುತ್ತವೆ. ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಗುರುತುಸಂಖ್ಯೆ ನೀಡಿ, ಕಡತದ ಒಡೆತನವನ್ನು ಆ ಸಂಖ್ಯೆಗೆ ಸೇರಿಸುತ್ತದೆ. ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದಾಗ ಹಳೆಯ ಹೆಸರನ್ನೇ ಕೊಟ್ಟರೂ ಸಂಖ್ಯೆ ಬೇರೆಯಾಗುತ್ತದೆ. ಆದುದರಿಂದ ಒಡೆಯನೇ ಬಂದು ಕದ ತಟ್ಟಿದರೂ ಪ್ರವೇಶವಿಲ್ಲವೆಂಬ ಉತ್ತರ ಬರುತ್ತದೆ.

ಇದರಿಂದ ಎದೆಗುಂದಬೇಕಾಗಿಲ್ಲ. ನಿರ್ವಾಹಕನ ಅಧಿಕಾರವುಳ್ಳವನು ಒಡೆತನವನ್ನು ತನ್ನ ಹೆಸರಿಗೆ ಬದಲಿಸಿಕೊಂಡು ಅನುಮತಿ ಪಡೆದರೆ ಕಡತಗಳು ತೆರೆಯುತ್ತವೆ. ಡಿಸ್ಕನ್ನು ಅಳಿಸದೆ ಸ್ಥಾಪಿಸಿದ್ದರೆ ಹಳೆಯವು ಸಾಮಾನ್ಯವಾಗಿ 'ವಿಂಡೋಸ್.ಓಲ್ಡ್' ಎಂಬ ಕೋಶದಲ್ಲಿರುತ್ತವೆ. ಕೆಲವು ದಿನಗಳ ಬಳಿಕ ವ್ಯವಸ್ಥೆಯೇ ಅದನ್ನು ಅಳಿಸಿಬಿಡಬಹುದು. ಬೇಗನೆ ನಕಲು ಮಾಡಿಕೊಳ್ಳುವುದು ಲೇಸು.

ಗೂಢಲಿಪಿಗೆ ಪರಿವರ್ತಿತವಾದ ಕಡತಗಳ ಸಂಗತಿ ಬೇರೆ. ಬಿಟ್‌ಲಾಕರ್ ಭದ್ರಪಡಿಸಿದ ಡಿಸ್ಕಿಗೆ ಗುಪ್ತಪದವಾದರೂ 48 ಅಂಕಿಗಳ ಕೀಲಿಯಾದರೂ ಬೇಕು. ಅವೆರಡೂ ಇಲ್ಲವಾದರೆ ಒಡೆತನ ಬದಲಿಸಿಯೂ ಫಲವಿಲ್ಲ. ಕಡತವು ಕಣ್ಣೆದುರೇ ಇದ್ದು ಓದಲಾಗದ ಶಾಸನವಾಗುತ್ತದೆ. ಆದಕಾರಣ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವ ಮುನ್ನವೇ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟು, ಕಡತಗಳ ಪ್ರತಿಯನ್ನು ಬೇರೊಂದೆಡೆ ಕಾಪಾಡುವುದು ವಿವೇಕ.