ಗ್ಯಾಸ್ ತುಂಬಿಸುವ ಮೊದಲು
ನಮ್ಮ ಹಳೇ ಪಿಕಪ್‌ನ ಎಸಿ ಶಿವಮೊಗ್ಗ ರಸ್ತೆಯಲ್ಲಿ ಓಡುವಾಗ ತಣ್ಣಗಿರುತ್ತಿತ್ತು. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನಿಂತರೆ ಬಿಸಿಗಾಳಿ. ‘ಗ್ಯಾಸ್ ಕಮ್ಮಿ’ ಅಂದರು ಎಲ್ರೂ. ಹಾಗಿದ್ದರೆ ಓಡುವಾಗಲೂ ಪೂರ್ತಿ ತಂಪು ಬರಬಾರದಲ್ವಾ? ಓಡುವಾಗ ಕಂಡೆನ್ಸರ್‌ಗೆ ಎದುರುಗಾಳಿ ಸಿಗುತ್ತದೆ, ನಿಂತಾಗ ಫ್ಯಾನೇ ಗತಿ. ಬಾನೆಟ್ ಎತ್ತಿ ನೋಡಿದೆವು: ಕಂಪ್ರೆಸರ್ ಕ್ಲಚ್ ಹಿಡಿಯುತ್ತಿತ್ತು, ಫ್ಯಾನ್ ತಿರುಗುತ್ತಿರಲಿಲ್ಲ. ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರೆ ತಿರುಗಿತು. ಮೋಟಾರ್, ಫ್ಯೂಸ್ ಸರಿ, ರಿಲೇ ಸುಟ್ಟಿತ್ತು.

ಎಂಜಿನ್ ಆಫ್ ಇದ್ದಾಗ ಗೇಜ್ ನೋಡಿ ಗ್ಯಾಸ್ ಅಳೆಯಬೇಡಿ. 30 ಡಿಗ್ರಿಯಲ್ಲಿ ಆರ್-134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ ದ್ರವ ಚೂರೇ ಉಳಿದಿದ್ದರೂ ಅಷ್ಟೇ, ಸಾಕಷ್ಟಿದ್ದರೂ ಅಷ್ಟೇ. ತೂಕ ಹಾಕಿಯೇ ತುಂಬಬೇಕು. ಫ್ಯಾನ್ ಸತ್ತ ಗಾಡಿಗೆ ಇನ್ನಷ್ಟು ತುರುಕಿದ್ದರೆ ಒತ್ತಡ ಏರಿ ಕಂಪ್ರೆಸರಿಗೇ ಕುತ್ತು ಬರುತ್ತಿತ್ತು.