ಜೂಜಿನ ಚಟ: ಪಾಪವೂ ಹೌದು, ಬೇನೆಯೂ ಹೌದು

ಪವಿತ್ರ ಕುರ್‌ಆನ್ ಮದ್ಯ ಮತ್ತು ಜೂಜನ್ನು ಒಂದೇ ಸೂಕ್ತದಲ್ಲಿ ಜೊತೆಯಾಗಿ ಹೆಸರಿಸಿ ನಿಷೇಧಿಸಿದೆ. ಆದರೆ ನಮ್ಮ ಸಮಾಜದಲ್ಲಿ ಇವೆರಡಕ್ಕೂ ಸಿಗುವ ಗಮನ ಒಂದೇ ಅಲ್ಲ. ಕುಡುಕನನ್ನು ಇಡೀ ಊರು ಗುರುತಿಸುತ್ತದೆ. ಜೂಜುಕೋರನ ಬಾಯಿ ನಾರುವುದಿಲ್ಲ, ಕಾಲು ತಡವರಿಸುವುದಿಲ್ಲ. ನಮಾಝಿನ ಸಾಲಿನಲ್ಲಿ ಅವನು ನಮ್ಮ ಪಕ್ಕದಲ್ಲೇ ನಿಂತಿರಬಹುದು. ಮನೆಯವರಿಗೆ ವಿಷಯ ತಿಳಿಯುವ ಹೊತ್ತಿಗೆ ಹೊಲದ ಕಾಗದ ಸಾಹುಕಾರನ ಪೆಟ್ಟಿಗೆ ಸೇರಿರುತ್ತದೆ, ಹೆಂಡತಿಯ ಬಂಗಾರ ಅಡವಿಟ್ಟಾಗಿರುತ್ತದೆ. ಆದುದರಿಂದ ಜೂಜು ಹರಾಮ್ ಎಂದು ಹೇಳಿ ಸುಮ್ಮನಾಗುವುದು ಸಾಕಾಗದು. ಅದರಲ್ಲಿ ಸಿಕ್ಕಿಬಿದ್ದವನನ್ನು ಹೊರತರುವ ದಾರಿಯನ್ನೂ ನಾವು ಕಲಿಯಬೇಕಾಗಿದೆ.

ಕುರ್‌ಆನಿನ ದೃಷ್ಟಿಯಲ್ಲಿ

ಕುರ್‌ಆನ್ ಜೂಜಿಗೆ ಬಳಸಿದ ಪದ 'ಮೈಸಿರ್'. ಸುಲಭ ಎಂಬರ್ಥದ 'ಯುಸ್ರ್' ಎಂಬ ಧಾತುವಿನಿಂದ ಅದು ಬಂದಿದೆ ಎಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಬೆವರಿಲ್ಲದೆ, ವ್ಯಾಪಾರವಿಲ್ಲದೆ, ಇನ್ನೊಬ್ಬನ ನಷ್ಟದಿಂದ ಸುಲಭವಾಗಿ ಕೈಗೆ ಬರುವ ಸಂಪತ್ತೇ ಅದು. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು, ಬಾಣಗಳನ್ನೆತ್ತಿ ಮಾಂಸದ ಪಾಲು ನಿರ್ಧರಿಸುತ್ತಿದ್ದರು. ಗೆದ್ದವರು ಕೆಲವೊಮ್ಮೆ ಆ ಮಾಂಸವನ್ನು ಬಡವರಿಗೆ ಹಂಚುತ್ತಿದ್ದರು. ಅಲ್ ಬಕರಃ ಅಧ್ಯಾಯದ 219ನೇ ಸೂಕ್ತವು ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡೇ, ಅವುಗಳ ಪಾಪ ಪ್ರಯೋಜನಕ್ಕಿಂತ ದೊಡ್ಡದೆಂದು ತಿಳಿಸಿತು. ಕೊನೆಗೆ ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೇ ಸೂಕ್ತಗಳಲ್ಲಿ ಅಂತಿಮ ನಿಷೇಧ ಬಂತು. ಇದರ ಮೂಲಕ ಶೈತಾನನು ಜನರ ನಡುವೆ ಹಗೆ ಬಿತ್ತುತ್ತಾನೆ, ಅಲ್ಲಾಹನ ಸ್ಮರಣೆಯಿಂದ ಮತ್ತು ನಮಾಝಿನಿಂದ ತಡೆಯುತ್ತಾನೆ ಎಂಬ ಕಾರಣವನ್ನೂ ಅಲ್ಲಿ ಹೇಳಲಾಗಿದೆ.

ಈ ಕಾರಣಗಳನ್ನು ಗಮನಿಸಿರಿ. ಅಲ್ಲಿ ಹಣ ಹೋಗುತ್ತದೆ ಎಂಬ ಮಾತು ಮೊದಲು ಬಂದಿಲ್ಲ. ಮೊದಲು ಸಂಬಂಧ ಮುರಿಯುತ್ತದೆ, ಅನಂತರ ಅಲ್ಲಾಹನೊಂದಿಗಿನ ನಂಟು ಸಡಿಲವಾಗುತ್ತದೆ. ಜೂಜಿನ ಮನೆಯೊಳಗೆ ಹೊಕ್ಕು ನೋಡಿದವರಿಗೆ ಈ ಕ್ರಮ ಎಷ್ಟು ಸತ್ಯವೆಂದು ತಿಳಿಯುತ್ತದೆ.

ಗಡಿಗೆಯಿಂದ ಮೊಬೈಲಿಗೆ

ಗೋಗಿ, ಶಹಾಪುರ, ಸುರಪುರದ ಕಡೆ 'ನಂಬರ್ ಹಚ್ಚುವುದು' ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಟ್ಕಾ ಹುಟ್ಟಿದ್ದು ಮುಂಬಯಿಯಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ತಂತಿಯ ಮೂಲಕ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 'ಓಪನ್', 'ಕ್ಲೋಜ್' ಎಂಬ ಮಾತುಗಳು ಉಳಿದುಬಂದದ್ದು ಅಲ್ಲಿಂದಲೇ. 1960ರ ದಶಕದಲ್ಲಿ ಹತ್ತಿಯ ದರ ಹೋಗಿ, ಗಡಿಗೆಯಿಂದ ಚೀಟಿ ಎತ್ತುವ ಪದ್ಧತಿ ಬಂತು. ಗಡಿಗೆಗೆ ಮಟ್ಕಾ ಎನ್ನುವುದರಿಂದ ಆಟಕ್ಕೂ ಅದೇ ಹೆಸರಾಯಿತು. ಬಿಸಿಲಿನಲ್ಲಿ ಹತ್ತಿ ಬಿಡಿಸುವ ನಮ್ಮ ರೈತನ ದುಡ್ಡು, ಹತ್ತಿಯ ಹೆಸರಿನಲ್ಲೇ ಹುಟ್ಟಿದ ಜೂಜಿಗೆ ಹೋಗುತ್ತಿರುವುದು ಎಂಥ ವಿಪರ್ಯಾಸ!

ಒಂದಂಕಿ ಲಾಟರಿಯಿಂದ ಮನೆಗಳು ಹಾಳಾದ ಮೇಲೆ ಕರ್ನಾಟಕವು 2007ರಲ್ಲಿ ಲಾಟರಿ ಮಾರಾಟ ನಿಲ್ಲಿಸಿತು. ಮಟ್ಕಾ, ಇಸ್ಪೀಟ್ ಜೂಜುಗಳ ವಿರುದ್ಧ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಅಷ್ಟರಲ್ಲಿ ಜೂಜು ಮೊಬೈಲಿನೊಳಗೆ ಬಂತು. ಅದನ್ನು ತಡೆಯಲು ರಾಜ್ಯವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 1 ಕೋಟಿ ರೂಪಾಯಿವರೆಗೆ ದಂಡವನ್ನು ಅದು ಗೊತ್ತುಪಡಿಸಿದೆ. ಆಡಿದವನಿಗೆ ಅದು ಶಿಕ್ಷೆ ಹೇಳಿಲ್ಲ; ಅವನನ್ನು ಬಲಿಯಾದವನೆಂದೇ ಎಣಿಸಿದೆ. ಕಾನೂನು ಅಂಗಡಿಯ ಬಾಗಿಲು ಮುಚ್ಚಬಹುದು. ಮನಸ್ಸಿಗೆ ಹತ್ತಿದ ಚಟ ಆ ಮಾತ್ರಕ್ಕೆ ಹೋಗುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ನಮ್ಮ ಭಾಗದಲ್ಲಿ ಮಟ್ಕಾ ಬರೆಯುವವನು ಕೂಗುವ ಮಾತು 'ಒಂದು ರೂಪಾಯಿಗೆ 80 ರೂಪಾಯಿ'. ಕೇಳಲು ಹಿತವಾಗಿದೆ. ಆದರೆ ಜೋಡಿ ಅಂಕಿಗಳು 00ರಿಂದ 99ರವರೆಗೆ ಒಟ್ಟು ನೂರು. ನೂರು ಜನ ಒಂದೊಂದು ಅಂಕಿಗೆ ಒಂದೊಂದು ರೂಪಾಯಿ ಹಚ್ಚಿದರೆ ಕೂಡುವುದು 100 ರೂಪಾಯಿ. ಗೆದ್ದವನಿಗೆ ಕೊಡುವುದು 80. ಉಳಿದ 20 ರೂಪಾಯಿ ಏನೂ ಮಾಡದೆ ಆಡಿಸುವವನದಾಯಿತು. ಆ 80ನ್ನೇ ಜನ ಮತ್ತೆ ಹಚ್ಚಿದರೆ ಸರಾಸರಿಯಲ್ಲಿ ಅವರ ಕೈಗೆ ಮರಳುವುದು 64. ಹೀಗೆ ಹತ್ತು ಸುತ್ತು ಮುಗಿಯುವಾಗ ಆ ನೂರರಲ್ಲಿ ಜನರ ಕೈಯಲ್ಲಿ ಉಳಿಯುವುದು 11 ರೂಪಾಯಿಗಿಂತ ಕಡಿಮೆ. ಇಲ್ಲಿ ಯಾರೂ ಮೋಸ ಮಾಡಬೇಕಿಲ್ಲ, ಲೆಕ್ಕವೇ ಸಾಕು. ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿರಿ.

ಬಿಡಬೇಕೆಂದರೂ ಬಿಡಲಾಗದ್ದೇಕೆ?

ಇಷ್ಟು ಸರಳ ಲೆಕ್ಕ ತಿಳಿದ ಮೇಲೂ ಜನ ಯಾಕೆ ಆಡುತ್ತಾರೆ? ಇಲ್ಲಿ ವೈದ್ಯಶಾಸ್ತ್ರದ ಮಾತನ್ನು ಕೇಳಬೇಕು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲೇ ಮಿತಿಮೀರಿದ ಜೂಜನ್ನು ರೋಗಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಅದನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಸಾಲಿನಲ್ಲೇ ಇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಜೂಜಿನ ಚಟ ಒಂದು ರೋಗ. ಹದಿನಾಲ್ಕು ಶತಮಾನಗಳ ಹಿಂದೆಯೇ ಒಂದೇ ಸೂಕ್ತದಲ್ಲಿ ಜೊತೆಯಾಗಿದ್ದ ಎರಡು ಕೇಡುಗಳನ್ನು ವೈದ್ಯರೂ ಈಗ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ.

ಯಾವಾಗ ಗೆಲುವು ಬರುತ್ತದೆಂದು ತಿಳಿಯದ ಆಟ ಮನಸ್ಸನ್ನು ಬಲವಾಗಿ ಕಟ್ಟಿಹಾಕುತ್ತದೆ. 48ಕ್ಕೆ ಹಚ್ಚಿದವನಿಗೆ 47 ಬಂದರೆ 'ಸ್ವಲ್ಪದರಲ್ಲಿ ತಪ್ಪಿತು' ಎನಿಸುತ್ತದೆ. ನಿಜಕ್ಕೂ 47 ಆದರೂ ಒಂದೇ, 12 ಆದರೂ ಒಂದೇ, ಸೋಲು ಸೋಲೇ. ಎಲ್ಲಕ್ಕಿಂತ ದೊಡ್ಡ ಬಲೆ ಎಂದರೆ ಕಳೆದದ್ದನ್ನು ಮರಳಿ ಪಡೆಯುವ ಆಸೆ. ಐದು ಸಾವಿರ ಕಳೆದವನು ಅದನ್ನು ಹಿಡಿಯಲು ಹತ್ತು ಸಾವಿರ ಸಾಲ ಮಾಡುತ್ತಾನೆ. 'ಇದೊಂದು ಸಲ ಬಂದರೆ ಸಾಲ ತೀರಿಸಿ ಬಿಟ್ಟುಬಿಡುತ್ತೇನೆ' ಎಂಬುದು ಅವನು ಪ್ರತಿದಿನ ತನಗೇ ಹೇಳಿಕೊಳ್ಳುವ ಸುಳ್ಳು. ಸುಳ್ಳು ಹೆಚ್ಚುವುದು, ಕಾರಣವಿಲ್ಲದೆ ಕೈಗಡ ಕೇಳುವುದು, ಮೊಬೈಲ್ ಮುಚ್ಚಿಡುವುದು, ನಿದ್ರೆ ಕೆಡುವುದು, ಸಣ್ಣದಕ್ಕೂ ಸಿಡುಕುವುದು, ಇವು ಮನೆಯವರು ಗಮನಿಸಬೇಕಾದ ಲಕ್ಷಣಗಳು.

ರೋಗವೆಂದರೆ ಪಾಪ ಇಲ್ಲವಾಯಿತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಮೊದಲ ಚೀಟಿ ಅವನು ತನ್ನ ಇಚ್ಛೆಯಿಂದಲೇ ಬರೆಸಿದನು, ಅದರ ಹೊಣೆ ಅವನದೇ. ಆದರೆ ತಾನೇ ಹಚ್ಚಿದ ಬೆಂಕಿಯಲ್ಲಿ ಸುಟ್ಟುಕೊಂಡವನಿಗೂ ಮುಲಾಮು ಬೇಕು. ಯಾವ ರೋಗವನ್ನೂ ಅಲ್ಲಾಹನು ಮದ್ದಿಲ್ಲದೆ ಇಳಿಸಿಲ್ಲವೆಂದು ಪ್ರವಾದಿ(ಸ) ತಿಳಿಸಿರುವುದು ಬುಖಾರಿಯಲ್ಲಿ ವರದಿಯಾಗಿದೆ. ಆದುದರಿಂದ ಪಶ್ಚಾತ್ತಾಪ ಮತ್ತು ಚಿಕಿತ್ಸೆ ಒಂದಕ್ಕೊಂದು ಎದುರಲ್ಲ. ಚಿಕಿತ್ಸೆಯು ಪಶ್ಚಾತ್ತಾಪವನ್ನು ಉಳಿಸಿಕೊಳ್ಳುವ ಬೇಲಿ.

ಆಣೆ ಸಾಲದು

ನಮ್ಮ ಕಡೆ ಒಂದು ರೂಢಿಯಿದೆ. ಹಿರಿಯರು ಸೇರಿ ಹುಡುಗನನ್ನು ಮಸೀದಿಗೆ ಕರೆತಂದು, ನಾಲ್ಕು ಜನರ ಮುಂದೆ ಬೈದು, ಕುರ್‌ಆನಿನ ಮೇಲೆ ಕೈಯಿಡಿಸಿ ಆಣೆ ಮಾಡಿಸುತ್ತಾರೆ. ಅವನು ಒಂದು ತಿಂಗಳು ಸುಮ್ಮನಿದ್ದು ಮತ್ತೆ ಆಡುತ್ತಾನೆ. ಆಗ ಅವನ ಮೇಲೆ ಜೂಜಿನ ಪಾಪದೊಂದಿಗೆ ಆಣೆ ಮುರಿದ ಭಾರವೂ ಬೀಳುತ್ತದೆ. ಮಸೀದಿಗೆ ಬರಲು ನಾಚುತ್ತಾನೆ, ತನಗಿನ್ನು ಕ್ಷಮೆಯಿಲ್ಲವೆಂದು ತಿಳಿಯುತ್ತಾನೆ, ಬಚ್ಚಿಟ್ಟು ಆಡತೊಡಗುತ್ತಾನೆ. ಅಲ್ ಮಾಇದಃದಲ್ಲಿ ಜೂಜಿನ ನಿಷೇಧಕ್ಕೆ ಮುಂಚಿನ 89ನೇ ಸೂಕ್ತವೇ ಮುರಿದ ಆಣೆಗೆ ಪ್ರಾಯಶ್ಚಿತ್ತ ಹೇಳುತ್ತದೆ: ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ ಕೊಡುವುದು ಅಥವಾ ಗುಲಾಮನನ್ನು ಬಿಡುಗಡೆ ಮಾಡುವುದು, ಸಾಧ್ಯವಾಗದವರು ಮೂರು ದಿನ ಉಪವಾಸವಿರುವುದು. ಬಾಗಿಲು ಮುಚ್ಚಿಲ್ಲವೆಂದು ಅವನಿಗೆ ತಿಳಿಸಬೇಕು.

ಮದ್ಯ ಸೇವಿಸಿದವನೊಬ್ಬನಿಗೆ ಶಿಕ್ಷೆಯಾದ ಬಳಿಕ ಅಲ್ಲಿದ್ದವರು ಅವನನ್ನು ಶಪಿಸಿದಾಗ, ತಮ್ಮ ಸಹೋದರನ ವಿರುದ್ಧ ಶೈತಾನನಿಗೆ ಸಹಾಯ ಮಾಡಬಾರದೆಂದು ಪ್ರವಾದಿ(ಸ) ತಡೆದರೆಂದು ಹ. ಅಬೂಹುರೈರಾ(ರ) ವರದಿ ಮಾಡಿದ್ದಾರೆ. ತಪ್ಪನ್ನು ತಪ್ಪೆಂದೇ ಹೇಳಲಾಯಿತು, ಆದರೆ ಮನುಷ್ಯನನ್ನು ಕೈಬಿಡಲಿಲ್ಲ. ಜೂಜುಕೋರನೊಂದಿಗೆ ಮಾತನಾಡುವಾಗ ನಮಗೆ ಈ ಮಾದರಿ ಇರಲಿ.

ದೂರದಿಂದ ದೊರೆಯುವ ನೆರವು

ಗೋಗಿಯಿಂದ ಬೆಂಗಳೂರು ರಾತ್ರಿಯಿಡೀ ಪ್ರಯಾಣದ ದೂರ. ಕೂಲಿ ಬಿಟ್ಟು ಅಷ್ಟು ದೂರ ಹೋಗುವವರು ಕಡಿಮೆ. ಊರಲ್ಲೇ ತೋರಿಸಿಕೊಂಡರೆ ಸುದ್ದಿಯಾದೀತೆಂಬ ಅಂಜಿಕೆ ಬೇರೆ. ಹಾಳು ಮಾಡಿದ ಮೊಬೈಲೇ ಇಲ್ಲಿ ಉಪಕಾರಕ್ಕೂ ಬರುತ್ತದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಕೇಳುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಆಡುವವನೇ ಕರೆ ಮಾಡಬೇಕೆಂದಿಲ್ಲ. ಹೆಂಡತಿ, ತಾಯಿ, ಅಣ್ಣ ಯಾರೂ ಕೇಳಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವಿದೆ. ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗಾಗಿಯೇ 2014ರಲ್ಲಿ ಅಲ್ಲಿ 'ಶಟ್' ಎಂಬ ಕ್ಲಿನಿಕ್ ಆರಂಭವಾಯಿತು. ನಮ್ಮ ಭಾಗಕ್ಕೆ ಹತ್ತಿರವಾಗಿ ಧಾರವಾಡದ ಡಿಮ್ಹಾನ್ಸ್ ಇದೆ. 1957ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ 'ಗ್ಯಾಂಬ್ಲರ್ಸ್ ಅನಾನಿಮಸ್' ಎಂಬ ಕೂಟದಲ್ಲಿ, ಜೂಜು ಬಿಟ್ಟವರು ಮತ್ತು ಬಿಡಬಯಸುವವರು ಪೂರ್ಣ ಹೆಸರು ಹೇಳದೆ ಪರಸ್ಪರ ಧೈರ್ಯ ತುಂಬುತ್ತಾರೆ. ಅದರ ಸಭೆಗಳು ಈಗ ಅಂತರ್ಜಾಲದಲ್ಲೂ ನಡೆಯುತ್ತವೆ. ಮನೆಯವರಿಗಾಗಿ 'ಗ್ಯಾಮ್-ಅನಾನ್' ಎಂಬ ಬೇರೆ ಕೂಟವಿದೆ.

ಮಾನ ಹೋದೀತೆಂದು ಅಂಜಬೇಕಿಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಸಹೋದರನ ಕುಂದನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಇಹಪರಗಳಲ್ಲಿ ಮುಚ್ಚುವನೆಂಬ ಪ್ರವಾದಿ ಬೋಧನೆಯೂ ನಮ್ಮ ಮುಂದಿದೆ.

ಒಂದು ಎಚ್ಚರಿಕೆ: ಅಂತರ್ಜಾಲದಲ್ಲಿ 'ಕಳೆದ ಹಣ ಮರಳಿ ಕೊಡಿಸುತ್ತೇವೆ', 'ಖಚಿತ ನಂಬರ್ ಕೊಡುತ್ತೇವೆ' ಎನ್ನುವವರು ವಂಚಕರು. ಅವರಿಗೆ ಹಣ ಕಳಿಸಬೇಡಿರಿ, ಒಟಿಪಿ ಹೇಳಬೇಡಿರಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಮನೆಯವರು ಮಾಡಬೇಕಾದುದು

ಮೊದಲನೆಯದು, ಹಣ ಅವನ ಕೈಯಿಂದ ದೂರವಿರಲಿ. ಬುದ್ಧಿ ಸ್ತಿಮಿತದಲ್ಲಿಲ್ಲದವರ ಕೈಗೆ ಜೀವನಾಧಾರವಾದ ಸಂಪತ್ತನ್ನು ಕೊಡಬಾರದು, ಆದರೆ ಅವರಿಗೆ ಅನ್ನ ಬಟ್ಟೆ ಕೊಟ್ಟು ಒಳ್ಳೆಯ ಮಾತನ್ನೇ ಆಡಬೇಕೆಂದು ಅನ್ನಿಸಾ ಅಧ್ಯಾಯದ 5ನೇ ಸೂಕ್ತ ಕಲಿಸುತ್ತದೆ. ತೊಗರಿ ಮಾರಿದ ಹಣ, ಪಗಾರ, ಬ್ಯಾಂಕಿನ ಪಾಸ್‌ಬುಕ್ ಅವನ ಒಪ್ಪಿಗೆಯಿಂದಲೇ ನಂಬಿಕೆಯ ಒಬ್ಬರ ಬಳಿ ಇರಲಿ. ಹಣ ಕಳಿಸುವ ಮತ್ತು ಸಾಲ ಕೊಡುವ ಆ್ಯಪ್‌ಗಳನ್ನು ಅವನ ಫೋನಿನಿಂದ ತೆಗೆಯಿರಿ.

ಎರಡನೆಯದು, ಅವನ ಸಾಲವನ್ನು ಗುಟ್ಟಾಗಿ ತೀರಿಸಬೇಡಿರಿ. ತಾಯಿ ಒಮ್ಮೆ ತೀರಿಸಿದರೆ ಅವನಿಗೆ ಮತ್ತೆ ಆಡಲು ದಾರಿ ತೆರೆದಂತೆ. ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಸಿ, ಯೋಜನೆ ಮಾಡಿ, ಅವನ ದುಡಿಮೆಯಿಂದಲೇ ಸ್ವಲ್ಪ ಸ್ವಲ್ಪ ತೀರಿಸಿರಿ.

ಮೂರನೆಯದು, ಸಹೋದರಿಯರೇ, ನಿಮ್ಮ ಮಹ್ರ್ ಮತ್ತು ಬಂಗಾರ ನಿಮ್ಮದು. ನೀವು ಮನಸಾರೆ ಕೊಡದ ಹೊರತು ಗಂಡನಿಗೆ ಅದರ ಮೇಲೆ ಹಕ್ಕಿಲ್ಲ. ಅದನ್ನು ಕೊಡಲೊಪ್ಪದಿರುವುದು ಅವಿಧೇಯತೆಯಲ್ಲ. ಅನ್ಯಾಯ ಮಾಡುವ ಸಹೋದರನಿಗೂ ನೆರವಾಗಬೇಕು, ಆ ನೆರವೆಂದರೆ ಅವನ ಕೈ ಹಿಡಿದು ತಡೆಯುವುದು ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ನಾಲ್ಕನೆಯದು, 'ಸತ್ತರೆ ಸಾಕು' ಎಂಬ ಮಾತು ಅವನ ಬಾಯಿಂದ ಬಂದರೆ ಹಗುರವಾಗಿ ತಿಳಿಯಬೇಡಿರಿ. ಅವನನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಹೊಲದ ಔಷಧಿಯನ್ನು ಬೇರೆಡೆ ಇಟ್ಟು, 14416ಕ್ಕೆ ಅಥವಾ 112ಕ್ಕೆ ಕರೆ ಮಾಡಿರಿ. ಸಾಲ ವಸೂಲಿಗೆ ಬಂದು ಬೆದರಿಸುವವರ ವಿರುದ್ಧ ಕರ್ನಾಟಕವು 2025ರಲ್ಲಿ ಕಾನೂನು ತಂದಿದೆ. ಅಂಥವರ ಮೇಲೆ ಪೊಲೀಸರಿಗೆ ದೂರು ಕೊಡಬಹುದು.

ಜಮಾಅತ್‌ನ ಹೊಣೆ

ಝಕಾತ್‌ನ ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಪಾಪಕಾರ್ಯಕ್ಕೆ ಸಾಲ ಮಾಡಿದವನು ನಿಜವಾಗಿ ಪಶ್ಚಾತ್ತಾಪಪಟ್ಟ ಬಳಿಕ ಅವನಿಗೂ ಕೊಡಬಹುದೆಂದು ಅನೇಕ ಕರ್ಮಶಾಸ್ತ್ರಜ್ಞರು ಹೇಳಿದ್ದಾರೆ. ಹಾಗೆ ಕೊಡುವಾಗ ಹಣ ಅವನ ಕೈಗೆ ಬರುವುದಕ್ಕಿಂತ, ಅವನ ಒಪ್ಪಿಗೆ ಪಡೆದು ನೇರವಾಗಿ ಸಾಲಗಾರನಿಗೆ ಸಂದಾಯವಾಗುವುದು ಕ್ಷೇಮ. ಮಸೀದಿಯ ಸೂಚನಾ ಫಲಕದಲ್ಲಿ 14416 ಎಂಬ ಸಂಖ್ಯೆಯನ್ನು ಬರೆದಿಡುವುದಕ್ಕೆ ಖರ್ಚೇನೂ ಇಲ್ಲ. ಜುಮಾ ಪ್ರವಚನದಲ್ಲಿ ವರ್ಷಕ್ಕೊಮ್ಮೆಯಾದರೂ ಮೇಲಿನ ಲೆಕ್ಕವನ್ನು ಬಿಡಿಸಿ ಹೇಳಿದರೆ ಯುವಕರಿಗೆ ಉಪಕಾರವಾಗುತ್ತದೆ.

ಬಿಟ್ಟವನು ಮತ್ತೊಮ್ಮೆ ಜಾರಬಹುದು. ಆಗ ಎಲ್ಲವೂ ವ್ಯರ್ಥವಾಯಿತೆಂದು ತಿಳಿಯಬಾರದು. ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡವರೂ ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂಬುದು ಅಝ್ಝುಮರ್ ಅಧ್ಯಾಯದ 53ನೇ ಸೂಕ್ತದ ಸಾಂತ್ವನ. ಎದ್ದು ನಿಂತು, ಮತ್ತೆ ಸಮಾಲೋಚಕರಿಗೆ ಕರೆ ಮಾಡಿ, ಮತ್ತೆ ನಮಾಝಿನ ಸಾಲು ಸೇರಲಿ. ಪಕ್ಕದಲ್ಲಿ ನಿಂತ ನಾವು ಸರಿದು ಅವನಿಗೆ ಜಾಗ ಕೊಡೋಣ.

ಅಲ್ಲಾಹನು ನಮ್ಮ ಮನೆಗಳನ್ನು ಈ ಕೇಡಿನಿಂದ ಕಾಪಾಡಲಿ, ಸಿಕ್ಕಿಬಿದ್ದವರಿಗೆ ಬಿಡುಗಡೆಯ ದಾರಿಯನ್ನು ಸುಲಭಗೊಳಿಸಲಿ. ಆಮೀನ್.