ಇಳಿಯುವ ವಿಮಾನಕ್ಕೆ ಎಷ್ಟು ಜವ ಬೇಕು? – ಒಂಬತ್ತನೇ ತರಗತಿಗೊಂದು ಪಾಠ

ಚಲನಶಕ್ತಿಯ ಸೂತ್ರದಲ್ಲಿ ಜವದ ವರ್ಗ ಏಕೆ ಮುಖ್ಯ ಎಂದು ತೋರಿಸಲು ಬೈಕಿನ ಬ್ರೇಕ್ ಉದಾಹರಣೆಯನ್ನು ಎಲ್ಲರೂ ಕೊಡುತ್ತೇವೆ. ನಾನು ನಾಲ್ಕು ಸೀಟಿನ ಸೆಸ್ನಾ 172 ವಿಮಾನವನ್ನು ತೆಗೆದುಕೊಂಡೆ. ಜವ ಒಂದು ಮಿತಿಗಿಂತ ಇಳಿದರೆ ರೆಕ್ಕೆ ವಿಮಾನದ ತೂಕ ಹೊರಲಾರದು. ಅದು ಸ್ಟಾಲ್ ಜವ. ಇಳಿಯಲು ಬರುವಾಗ ಅದರ 1.3 ಪಟ್ಟು ಇಟ್ಟುಕೊಳ್ಳುವುದು ರೂಢಿ.

“ಇನ್ನೂ ಜಾಸ್ತಿ ಇದ್ರೆ ಇನ್ನೂ ಸೇಫ್ ಅಲ್ವಾ ಮಿಸ್?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಪಾಠ ನಿಜವಾಗಿ ಶುರುವಾದದ್ದು ಆಗ.

ರೆಕ್ಕೆಯ ಎತ್ತುವ ಬಲ ಜವದ ವರ್ಗಕ್ಕೆ ಅನುಪಾತದಲ್ಲಿದೆ. ಹಾಗಾಗಿ ಸ್ಟಾಲ್ ಜವ ತೂಕದ ವರ್ಗಮೂಲದಂತೆ ಬದಲಾಗುತ್ತದೆ. 172ಎಸ್ ಮಾದರಿಯ ಗರಿಷ್ಠ ತೂಕ 1157 ಕಿ.ಗ್ರಾಂ. ಆ ತೂಕದಲ್ಲಿ ಚಿಕ್ಕ ರನ್‌ವೇಗೆ ಕೈಪಿಡಿ ಹೇಳುವ ಜವ 61 ನಾಟ್, ಅಂದರೆ ಗಂಟೆಗೆ ಸುಮಾರು 113 ಕಿ.ಮೀ. ಪೈಲಟ್ ಒಬ್ಬರೇ ಇದ್ದಾರೆ, ಇಂಧನವೂ ತುಂಬಿಲ್ಲ, ತೂಕ ಗರಿಷ್ಠದ 81% ಎನ್ನೋಣ. 0.81ರ ವರ್ಗಮೂಲ 0.9. ಲೆಕ್ಕದಂತೆ 55 ನಾಟ್ ಸಾಕು. ಆಗಲೂ 61ರಲ್ಲೇ ಬಂದರೆ ಚಲನಶಕ್ತಿ ಬೇಕಾದದ್ದಕ್ಕಿಂತ ಸುಮಾರು 23% ಹೆಚ್ಚು. ವಿಮಾನ ನೆಲ ಮುಟ್ಟದೆ ತೇಲುತ್ತದೆ, ಕೆಳಗೆ ರನ್‌ವೇ ಮುಗಿಯುತ್ತಾ ಬರುತ್ತದೆ. ಬಲವಂತವಾಗಿ ಇಳಿಸಹೋದರೆ ಮುಂದಿನ ಚಕ್ರಕ್ಕೆ ಪೆಟ್ಟು.

ಜವ ಹೆಚ್ಚಿಸುವ ಸಂದರ್ಭವೂ ಇದೆ. ಗಾಳಿ 12ರಿಂದ 20 ನಾಟ್‌ಗೆ ಏರಿಳಿಯುತ್ತಿದ್ದರೆ ವ್ಯತ್ಯಾಸದ ಅರ್ಧ, ಅಂದರೆ 4 ನಾಟ್, ಸೇರಿಸುತ್ತಾರೆ.

ಈ ಪಾಠ ಮಾಡುವವರಿಗೆ ಒಂದು ಮಾತು: ವರ್ಗಮೂಲ ಸುಲಭವೆಂದು ಮನೆಗೆಲಸಕ್ಕೆ 64% ತೂಕ ಕೊಡಬೇಡಿ. ಖಾಲಿ ವಿಮಾನವೇ ಅದಕ್ಕಿಂತ ಭಾರ.